ಇಪ್ಪತ್ಮೂರನೆಯ ಶೃಂಗದಲ್ಲಿ ಇಳಿದವರು

೧

ಬಾಗಿಲಿನಿಂದ ಶುರು ಮಾಡಲೇ, ಚುಕ್ಕಿಯಿಂದ ಶುರು ಮಾಡಲೇ? ಚುಕ್ಕಿಯಿಂದ ಶುರು ಮಾಡಿದರೆ ಅದನ್ನು ಇಟ್ಟವರು ಯಾರು ಎಂದು ಎರಡನೇ ಸಾಲಿಗೇ ಕೇಳುತ್ತೀರಿ. ನಿಮ್ಮ ಬುದ್ಧಿ ನನಗೆ ಗೊತ್ತಿಲ್ಲವೇ. ಹಾಗಾಗಿ ಬಾಗಿಲು.

ನನ್ನ ಎದುರಿಗೊಂದು ಹಸಿರು ಬಾಗಿಲು ಇದೆ. ಹಿಡಿಕೆಯ ಸುತ್ತ ಬಣ್ಣ ಹೋಗಿ ಮರ ಕಾಣುತ್ತಿದೆ. ಮೇಲೆ ‘ಸೆಮಿನಾರ್ ಕೊಠಡಿ’ ಎಂಬ ಫಲಕ. ಒಳಗೆ ಮೂರು ಜನ ಕುಳಿತು ನನ್ನ ಅಕ್ಕನ ಮಗಳ ಐದು ವರ್ಷದ ಸಂಶೋಧನೆಯನ್ನು ಒಪ್ಪಬೇಕೋ ಬಿಸಾಕಬೇಕೋ ಎಂದು ತೀರ್ಮಾನ ಮಾಡುತ್ತಿದ್ದಾರೆ. ‘ಅರ್ಧ ಗಂಟೆ ಹೊರಗೆ ಕೂತಿರಿ’ ಎಂದು ನಮ್ಮನ್ನೆಲ್ಲ ಆಚೆ ಕಳಿಸಿದರು. ಬಾಗಿಲು ತೆರೆದ ಕ್ಷಣ ಈ ಕಥೆ ಮುಗಿಯಿತು. ಅಷ್ಟರೊಳಗೆ ನಾನು ಬರೆದು ಮುಗಿಸಬೇಕು.

(ಅರ್ಧ ಗಂಟೆಯಲ್ಲಿ ಕಥೆ ಬರೆಯುವ ಇವನು ಯಾವ ಸೀಮೆಯ ಲೇಖಕ ಎಂದು ಮೂಗು ಮುರಿಯಬೇಡಿ. ನಾನು ಲೇಖಕನೇ ಅಲ್ಲ. ಸಾರಿಗೆ ಕಚೇರಿಯಲ್ಲಿ ಮೂವತ್ತೊಂದು ವರ್ಷ ಬಸ್ಸಿನ ನಕ್ಷೆ ಬರೆದು ನಿವೃತ್ತನಾದವನು. ಆಮೇಲೆ ಹೊತ್ತು ಹೋಗದೆ ಕಥೆ ಬರೆಯುವ ಚಟ ಹತ್ತಿಸಿಕೊಂಡೆ. ಇದುವರೆಗೆ ಹದಿನಾಲ್ಕು ಬರೆದಿದ್ದೇನೆ, ಒಂದೂ ಮುಗಿದಿಲ್ಲ.)

೨

ಪಾತ್ರ ಪರಿಚಯ. ಬೆಂಚಿನ ಮೇಲೆ ನನ್ನ ಬಲಕ್ಕೆ ಕುಳಿತವಳು ಅಕ್ಕನ ಮಗಳು, ಸಂಶೋಧಕಿ. ಮನೆಯಲ್ಲಿ ಎಲ್ಲರೂ ಅವಳನ್ನು ‘ತಕರಾರು’ ಎಂದೇ ಕರೆಯುವುದು. ಮೂರು ವರ್ಷದವಳಿದ್ದಾಗ ಚಂದಮಾಮನನ್ನು ತೋರಿಸಿದರೆ ‘ಅದು ಮಾಮ ಅಲ್ಲ, ನನ್ನ ಮಾಮ ಇಲ್ಲಿದ್ದಾರೆ’ ಎಂದು ಹಟ ಹಿಡಿದವಳು. ಎಡಕ್ಕೆ ಅಕ್ಕ, ಮಡಿಲಲ್ಲಿ ಕೊಡೆ ಇಟ್ಟುಕೊಂಡು ಕಾಲು ನೀವಿಕೊಳ್ಳುತ್ತಿದ್ದಾಳೆ. ಒಳಗಿರುವ ಮೂವರಲ್ಲಿ ಒಬ್ಬರು ತಕರಾರಿನ ಗೈಡು, ಒಬ್ಬರು ವಿಭಾಗದ ಮುಖ್ಯಸ್ಥೆ, ಇನ್ನೊಬ್ಬರು ಬೇರೆ ಊರಿನಿಂದ ಬಂದ ಪರೀಕ್ಷಕರು. ಮೂರನೆಯವರ ಮೇಲೆ ಕಣ್ಣಿಟ್ಟಿರಿ.

ಅವಳ ವಿಷಯ ಗ್ರಾಫ್ ಥಿಯರಿ. ಮೊದಲ ವರ್ಷ ನಾನು ದೊಡ್ಡ ತಿಳಿದವನಂತೆ, “ಚುಕ್ಕಿ ಇಡೋದು, ಗೆರೆ ಎಳೆಯೋದು. ಅಷ್ಟೇ ತಾನೆ? ಅದನ್ನೇ ನಾನು ಮೂವತ್ತೊಂದು ವರ್ಷ ಮಾಡಿದೆ. ನನಗೇಕೆ ಡಾಕ್ಟರೇಟು ಕೊಡಲಿಲ್ಲ?” ಎಂದಿದ್ದೆ.

“ಚುಕ್ಕಿ ಅಲ್ಲ ಮಾಮ, ಶೃಂಗ. ಗೆರೆ ಅಲ್ಲ, ಅಂಚು.”

“ಹೆಸರು ಬದಲಿಸಿದರೆ ಡಾಕ್ಟರೇಟು ಸಿಗುತ್ತೇನೇ?”

ಸಿಟ್ಟು ಬಂದರೂ ಕೂರಿಸಿಕೊಂಡು ಹೇಳಿಕೊಟ್ಟಳು. ಕೆಲವು ಶೃಂಗಗಳು ಇದ್ದರೂ ಒಂದೇ, ಹೋದರೂ ಒಂದೇ. ಕೆಲವನ್ನು ತೆಗೆದರೆ ಮಾತ್ರ ಇಡೀ ಜಾಲ ಎರಡು ತುಂಡಾಗಿ, ಈ ಕಡೆಯವರು ಆ ಕಡೆಗೆ ಹೋಗಲಾರದೆ ಕೂರುತ್ತಾರೆ. ಅಂಥದ್ದಕ್ಕೆ ಛೇದ ಶೃಂಗ ಎಂದು ಹೆಸರು. “ನಮ್ಮನೇಲಿ ಅಮ್ಮ ಛೇದ ಶೃಂಗ,” ಎಂದಳು. “ನೀವೂ ಅಪ್ಪನೂ ಆ ಕೇರಂ ಜಗಳ ಆದಾಗಿಂದ ನೇರವಾಗಿ ಮಾತೇ ಆಡಲ್ಲ. ಎಲ್ಲಾ ಅಮ್ಮನ ಮೂಲಕ. ಅಮ್ಮ ನಾಲ್ಕು ದಿನ ಎಲ್ಲಿಗಾದರೂ ಹೋದರೆ ನಿಮ್ಮಿಬ್ಬರ ನಡುವೆ ದಾರೀನೇ ಇಲ್ಲ.” ಭಾವನ ವಿಷಯ ಬಂದದ್ದರಿಂದ ನಾನು ಮಾತು ಬದಲಿಸಿದೆ, ಆದರೆ ಗಣಿತ ಮಾತ್ರ ತಲೆಗೆ ಹೋಯಿತು.

ದೊಡ್ಡ ಜಾಲದಲ್ಲಿ ಛೇದ ಶೃಂಗಗಳನ್ನು ಬೇಗ ಹುಡುಕುವುದು ಹೇಗೆ, ಅಂಥದ್ದನ್ನು ಮುಚ್ಚಲೇಬೇಕಾಗಿ ಬಂದರೆ ಏನು ಮಾಡಬೇಕು, ಇದು ಅವಳ ಥೀಸಿಸ್ಸು. ಮೊದಲ ಮೂರು ಅಧ್ಯಾಯ ಬರೀ ಗಣಿತ. ನಾಲ್ಕನೆಯದು ಊರಿನ ಬಸ್ಸು. ಆ ನಾಲ್ಕನೆಯದರ ಹಾಳೆಗಳ ಹಿಂಬದಿಯಲ್ಲೇ ಈಗ ಈ ಕಥೆ ಬರೆಯುತ್ತಿರುವುದು, ಬೇರೆ ಕಾಗದ ಕೈಗೆ ಸಿಗಲಿಲ್ಲ.

೩

ನಾಲ್ಕನೇ ಅಧ್ಯಾಯದ ಕಥೆ ಕೇಳಿ. ಗಡಿಯಾರ ಕಂಬದ ಬಸ್ ನಿಲ್ದಾಣದ ಕೆಳಗೆ ಹಳೇ ಕೊಳವೆ ಒಡೆದಿದೆ, ನಾಲ್ಕು ತಿಂಗಳು ನಿಲ್ದಾಣ ಮುಚ್ಚಿ ಅಗೆಯಬೇಕು. ಮುಚ್ಚಿದರೆ ಹೊಳೆಯಾಚೆಯ ಜನ ಏನು ಮಾಡಬೇಕು ಎಂದು ಸಾರಿಗೆ ಕಚೇರಿಯವರು ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಹೊಳೆಯಾಚೆಯವರು ಎಲ್ಲಿಗೆ ಹೋಗಬೇಕಾದರೂ ಗಡಿಯಾರ ಕಂಬದಲ್ಲೇ ಬಸ್ಸು ಬದಲಿಸಬೇಕು. ನಮ್ಮ ತಕರಾರು ಅರವತ್ತೊಂದು ಶೃಂಗಗಳ ಜಾಲ ಮಾಡಿ, ಲೆಕ್ಕ ಹಾಕಿ, ಗಡಿಯಾರ ಕಂಬ ಛೇದ ಶೃಂಗವೇ ಅಲ್ಲ ಎಂದು ತೋರಿಸಿದಳು. ಹೊಳೆಯಾಚೆಯ ಬಸ್ಸಿನ ದಾರಿಯೂ ರೈಲು ನಿಲ್ದಾಣದ ಬಸ್ಸಿನ ದಾರಿಯೂ ಫ್ಲೈಓವರಿನ ಹತ್ತಿರ ಇಪ್ಪತ್ಮೂರನೆಯ ಶೃಂಗದಲ್ಲಿ ಕೂಡುತ್ತವೆ. ಅಲ್ಲಿ ಇಳಿದು ಬಸ್ಸು ಬದಲಿಸಿದರಾಯಿತು.

ಕಚೇರಿಯವರಿಗೆ ಖುಷಿಯೋ ಖುಷಿ. ಹೋದ ವಾರ ಗಡಿಯಾರ ಕಂಬ ಮುಚ್ಚಿದರು. ಫ್ಲೈಓವರಿನ ಮೇಲೆ ‘ಇಲ್ಲಿ ಇಳಿದು ಬಸ್ಸು ಬದಲಿಸಿ’ ಎಂದು ಬೋರ್ಡು ನೆಟ್ಟರು. ನೆಟ್ಟವನು ನೆಡುವುದಷ್ಟೇ ತನ್ನ ಕೆಲಸ ಎಂದು ನೆಟ್ಟು ಬಂದ.

ಮೊದಲ ದಿನ ಹೊಳೆಯಾಚೆಯಿಂದ ಬಂದ ಐವತ್ತು ಜನ ಅಲ್ಲಿ ಇಳಿದರು. ಬಸ್ಸು ಹೊರಟುಹೋಯಿತು. ಸುತ್ತ ನೋಡಿದರು. ರೈಲು ನಿಲ್ದಾಣದ ಬಸ್ಸು ಬಂದದ್ದೇನೋ ನಿಜ, ನಲವತ್ತು ಅಡಿ ಕೆಳಗೆ. ಒಂದು ದಾರಿ ಮೇಲೆ, ಇನ್ನೊಂದು ಅದರ ಹೊಟ್ಟೆಯ ಕೆಳಗೆ. ಮೆಟ್ಟಿಲಿಲ್ಲ. ಐವತ್ತು ಜನ ತಡೆಗೋಡೆಗೆ ಒರಗಿ ತಾವು ಹತ್ತಬೇಕಿದ್ದ ಬಸ್ಸಿನ ನೆತ್ತಿ ನೋಡಿದರು. ಒಬ್ಬಾತ ಎರಡೂ ಕೈ ಬೀಸಿ ಕೂಗಿದ. ಕೆಳಗಿನ ಚಾಲಕ ಯಾರೋ ತನಗೆ ಸಲಾಮು ಹೊಡೆಯುತ್ತಿದ್ದಾರೆ ಎಂದುಕೊಂಡು, ಪಾಪ, ಹಾರ್ನು ಬಾರಿಸಿ ಹೋದ. ಆಮೇಲೆ ಎಲ್ಲರೂ ಫ್ಲೈಓವರಿನ ಅಂಚು ಹಿಡಿದು, ಲಾರಿಗಳಿಗೆ ಬೈಯುತ್ತ, ಎರಡು ಕಿಲೋಮೀಟರ್ ಇಳಿಜಾರು ನಡೆದರು.

ಇವತ್ತಿಗೆ ಆರು ದಿನ. ಬೋರ್ಡು ಇನ್ನೂ ಅಲ್ಲೇ ಇದೆ. ಅದನ್ನು ಕೀಳಲು ಯಾರ ಸಹಿ ಬೇಕು ಎಂಬುದು ಕಚೇರಿಯಲ್ಲಿ ಇನ್ನೂ ತೀರ್ಮಾನವಾಗಿಲ್ಲ.

೩ (ಮತ್ತೆ ಮೂರೇ. ನಾಲ್ಕಕ್ಕೆ ಹೋಗಲು ಧೈರ್ಯ ಸಾಲದು)

ಹಾಗಾದರೆ ಕೂಡದ ದಾರಿಗಳು ಕೂಡುತ್ತವೆ ಎಂದು ನಕ್ಷೆಯಲ್ಲಿ ಆ ಚುಕ್ಕಿ ಬಂದದ್ದು ಎಲ್ಲಿಂದ?

ಡ್ರಾಫ್ಟ್ ಒಂದು: ಅದೊಂದು ಸುಂದರ ಮುಂಜಾನೆ. ನಕ್ಷೆಯ ಮೇಲೆ ಒಂದು ನೊಣ ಬಂದು ಕುಳಿತಿತು. ಅದಕ್ಕೇನು ಗೊತ್ತು, ತಾನು ಚರಿತ್ರೆಯ ಮೇಲೆ ಕುಳಿತಿದ್ದೇನೆ ಎಂದು...

“ನೊಣನಾ ಮಾಮ?” ಬಲಗಡೆಯಿಂದ ಕತ್ತು ಚಾಚಿದ ತಕರಾರು ಕೇಳಿದಳು. ನನ್ನ ಕಥೆಗಳಲ್ಲಿ ಪಾತ್ರಗಳು ಜಗಳಕ್ಕೆ ಬರುವುದು ಹೊಸದಲ್ಲ. ಆದರೆ ಪಕ್ಕದಲ್ಲೇ ಕೂತು ಪೆನ್ನು ಕಿತ್ತುಕೊಳ್ಳುವ ಪಾತ್ರ ಇದೇ ಮೊದಲು. ನೊಣವನ್ನು ಹೊಡೆದು ಹಾಕಿದಳು.

ಡ್ರಾಫ್ಟ್ ಎರಡು: ಅಚ್ಚಿನ ಮನೆಯವರ ಎಡವಟ್ಟು. ಅವರ ಯಂತ್ರ ಹಳೆಯದು. ಕಂಡಕಂಡಲ್ಲಿ ಮಸಿ ಉಗುಳುತ್ತದೆ...

“ಅಚ್ಚಿನ ಮನೆಯವರು ಏನು ಪಾಪ ಮಾಡಿದ್ರು?” ಎಂದು ಅದನ್ನೂ ಹೊಡೆದಳು. “ಹೋಗಲಿ, ಇದನ್ನ ನನ್ನ ನಾಲ್ಕನೇ ಅಧ್ಯಾಯದ ಬೆನ್ನ ಮೇಲೇ ಬರೀಬೇಕಿತ್ತಾ?”

“ಮುಂಬದಿಗಿಂತ ಹಿಂಬದಿಯಲ್ಲೇ ಜಾಸ್ತಿ ನಿಜ ಇರಲಿ ಅಂತ.”

“ಇದೆಯಾ?”

ಹಾಳೆ ಮಗುಚಿದೆ. ಅಷ್ಟರಲ್ಲಿ ಎಡಗಡೆಯಿಂದ ಅಕ್ಕ ಕೊಡೆಯಿಂದ ನನ್ನ ಮೊಣಕಾಲು ತಿವಿದಳು.

“ಏನೋ ಅದು, ಆಗಿಂದ ಬರೀತಾನೇ ಇದ್ದೀಯ? ಕನ್ನಡಕ ಮನೇಲಿ ಬಿಟ್ಟು ಬಂದೆ, ಇಲ್ಲದಿದ್ದರೆ ನಾನೇ ಓದ್ತಿದ್ದೆ. ಇವತ್ತೂ ಆ ದರಿದ್ರ ಫ್ಲೈಓವರಿಂದ ನಡ್ಕೊಂಡೇ ಬಂದೆ ನೋಡು. ಯಾವ ಪುಣ್ಯಾತ್ಮ ಆ ನಕ್ಷೆ ಬರೆದನೋ, ಅವನ ಕೈಗೆ ಲಕ್ವಾ ಹೊಡೀಲಿ ಅನ್ನಲ್ಲ, ಪಾಪ. ಅವನನ್ನ ದಿನಾ ಬೆಳಿಗ್ಗೆ ಒಂಬತ್ತಕ್ಕೆ ಆ ಫ್ಲೈಓವರ್ ಮೇಲೆ ಇಳಿಸಬೇಕು. ಅಷ್ಟೇ ನಾನು ಕೇಳೋದು.”

ಅಕ್ಕನ ಮನೆ ಹೊಳೆಯಾಚೆ. ಆರು ದಿನದಿಂದ ದಿನಾ ಸಂಜೆ ಫೋನು ಮಾಡಿ ಆ ನಕ್ಷೆ ಬರೆದವನಿಗೆ ಬೈಯುತ್ತಾಳೆ. ನಾನೂ “ಹೌದಕ್ಕ, ಬೇಜವಾಬ್ದಾರಿ ಮುಂಡೇವು” ಎಂದು ದನಿಗೂಡಿಸುತ್ತೇನೆ. ನಿನ್ನೆಯಂತೂ ಅವಳಿಗಿಂತ ಒಂದು ಕೈ ಹೆಚ್ಚಾಗಿಯೇ ಬೈದೆ.

೪

ಸರಿ, ನಿಮಗೆ ಗೊತ್ತಾಗಿದೆ. ನನಗೂ ಗೊತ್ತಾಗಿದೆ ನಿಮಗೆ ಗೊತ್ತಾಗಿದೆ ಎಂದು. ಆ ಚುಕ್ಕಿ ಇಟ್ಟವನು ನಾನೇ.

ಹೇಗೆಂದು ಕೇಳಿ, ಆಮೇಲೆ ಬೈಯಿರಿ. ನಮ್ಮ ಕಾಲದಲ್ಲಿ ನಕ್ಷೆಯನ್ನು ಟ್ರೇಸಿಂಗ್ ಕಾಗದದ ಮೇಲೆ ಮಸಿಯಲ್ಲಿ ಬರೆಯುತ್ತಿದ್ದೆವು. ಒಂದು ಗೆರೆಯ ಮೇಲೆ ಇನ್ನೊಂದು ಗೆರೆ ಹಾಯುವ ಕಡೆ ಮಸಿ ಹರಡಿ ಕಲೆಯಾಗುತ್ತದೆ. ಎಷ್ಟೇ ಕೈ ಪಳಗಿದ್ದರೂ ನೂರಕ್ಕೆ ಹತ್ತು ಸಲ ಆಗಿಯೇ ಆಗುತ್ತದೆ. ಆ ಕಲೆಯನ್ನು ಕೆರೆದರೆ ಕಾಗದ ಹರಿಯುತ್ತದೆ. ಅದಕ್ಕೆ ನಮ್ಮ ವಿಭಾಗದಲ್ಲಿ ಒಂದು ಉಪಾಯವಿತ್ತು: ಕಲೆಯ ಮೇಲೆ ನೀಟಾಗಿ ಒಂದು ಸಣ್ಣ ಚುಕ್ಕಿ ಇಟ್ಟುಬಿಡುವುದು. ನಿಲ್ದಾಣಕ್ಕೆ ಜೋಳದ ಕಾಳಿನಷ್ಟು ಚುಕ್ಕಿ, ಕಲೆ ಮುಚ್ಚುವುದಕ್ಕೆ ಸಾಸಿವೆಯಷ್ಟು. ನಿಲ್ದಾಣಕ್ಕೆ ಹೆಸರು ಬರೆಯುತ್ತೇವೆ, ಕಲೆಗೆ ಬರೆಯುವುದಿಲ್ಲ. ನಮಗೆಲ್ಲ ಗೊತ್ತಿದ್ದ ಮಾತು, ಹಾಗಾಗಿ ಎಲ್ಲೂ ಬರೆದಿಡಲಿಲ್ಲ. ಆ ನಕ್ಷೆಯನ್ನು ಕುಗ್ಗಿಸಿ ಅಚ್ಚು ಹಾಕಿ ಊರಿನ ಎಲ್ಲ ಬಸ್ ತಂಗುದಾಣಗಳಲ್ಲಿ ತೂಗುಹಾಕಿದರು. ಕುಗ್ಗಿದಾಗ ಜೋಳವೂ ಸಾಸಿವೆಯೂ ಒಂದೇ ಗಾತ್ರವಾದವು. ಕೆಳಗೆ ಮೂಲೆಯಲ್ಲಿ ನನ್ನ ಹೆಸರು. ತಕರಾರು ಅಕ್ಷರ ಕಲಿತದ್ದೇ ಆ ನಕ್ಷೆಯ ಮುಂದೆ ನಿಂತು.

ಇಷ್ಟೇ ಆಗಿದ್ದರೆ ನಾನು ಹೀಗೆ ಬೆವರುತ್ತಿರಲಿಲ್ಲ. ಕಲೆ ಎಲ್ಲರಿಂದಲೂ ಆಗುತ್ತದೆ.

(ಐದನ್ನು ಬಿಟ್ಟಿದ್ದೇನೆ. ಐದರಲ್ಲಿ ನನ್ನ ಕೈಬರಹ ಎಷ್ಟು ಚೆನ್ನಾಗಿತ್ತು ಎಂದು ಒಂದೂವರೆ ಪುಟ ಬರೆದಿದ್ದೆ. ತಕರಾರು ಹರಿದು ಹಾಕಿದಳು.)

೬

ಎರಡು ವರ್ಷದ ಹಿಂದೆ, ಒಂದು ಭಾನುವಾರ ಮಧ್ಯಾಹ್ನ. ನಾನು ಅಕ್ಕನ ಮನೆಯಲ್ಲಿ ಉಂಡು ಸೋಫಾದ ಮೇಲೆ ಕಾಲು ಚಾಚಿ ಟಿವಿಯಲ್ಲಿ ಪಂದ್ಯ ನೋಡುತ್ತಿದ್ದೆ. ತಕರಾರು ನಕ್ಷೆ ಹಿಡಿದು ಬಂದು ಮೊಣಕಾಲೂರಿ ಕೂತಳು.

“ಮಾಮ, ಎಲ್ಲಾ ಚುಕ್ಕಿಗೂ ಹೆಸರಿದೆ. ಈ ಒಂದಕ್ಕೆ ಇಲ್ಲ. ಇಲ್ಲಿ ಬಸ್ ಬದಲಿಸಬಹುದಾ?”

ನಾನು ಆ ಫ್ಲೈಓವರಿನ ಮೇಲೆ ಬಸ್ಸಿನಲ್ಲಿ ಹೋದವನೇ ಅಲ್ಲ. ಅಕ್ಕನ ಮನೆಗೆ ಹೋಗುವುದು ಸ್ಕೂಟರಿನಲ್ಲಿ, ಹಳೇ ಸೇತುವೆಯ ಮೇಲೆ. ಎಂಜಿನಿಯರುಗಳು ಕಳಿಸಿದ ಹಾಳೆ ನೋಡಿ ಮೇಜಿನ ಮೇಲೇ ಎಳೆದ ಗೆರೆ ಅದು. ‘ಗೊತ್ತಿಲ್ಲ, ಹೋಗಿ ನೋಡು’ ಎನ್ನಲು ಎಷ್ಟು ಹೊತ್ತು ಬೇಕು? ಆದರೆ ನಕ್ಷೆ ನನ್ನದು, ಕೇಳುತ್ತಿರುವವಳು ನನ್ನನ್ನು ದೊಡ್ಡ ವಿದ್ವಾಂಸನೆಂದು ನಂಬಿದ ಹುಡುಗಿ. ನಾನೇ ಕಲೆ ಮುಚ್ಚಲು ಇಟ್ಟ ಚುಕ್ಕಿಯನ್ನು ನಾನೇ ನೋಡಿ, ನಾನೇ ನಂಬಿ, “ಹೂಂ ಮತ್ತೆ, ಚುಕ್ಕಿ ಇದೆಯಲ್ಲ” ಎಂದೆ. ಕಣ್ಣು ಟಿವಿಯ ಮೇಲೇ ಇತ್ತು.

ಆ ಒಂದು ಹೂಂ ಮೇಲೆ ಅವಳು ಒಂದು ಅಧ್ಯಾಯ ಕಟ್ಟಿದಳು.

೭

ಇವತ್ತು ಬೆಳಿಗ್ಗೆ ವೈವಾ ಹತ್ತಕ್ಕೆ ಶುರುವಾಗಬೇಕಿತ್ತು. ಹೊರಗಿನ ಪರೀಕ್ಷಕರ ಪತ್ತೆಯೇ ಇಲ್ಲ. ಹತ್ತೂ ಮುಕ್ಕಾಲಿಗೆ ಬಂದರು. ಕೆದರಿದ ಕೂದಲು, ಪ್ಯಾಂಟಿನ ತುಂಬ ಧೂಳು. ಬಂದವರೇ ಕುರ್ಚಿಯಲ್ಲಿ ಕುಸಿದು ಒಂದು ಲೋಟ ನೀರು ಗಟಗಟ ಕುಡಿದು, ಮೇಜಿನ ಕೆಳಗೆ ಒಂದು ಬೂಟು ಬಿಚ್ಚಿದರು. ಅವರಿಗೆ ಕೊಟ್ಟಿದ್ದ ಅತಿಥಿಗೃಹ ಹೊಳೆಯಾಚೆ ಇದೆ ಎಂದು ಆಮೇಲೆ ಗೊತ್ತಾಯಿತು.

(ಇಂಥ ಕಾಕತಾಳೀಯವನ್ನು ಕಥೆಯಲ್ಲಿ ಬರೆದರೆ ನೀವು ನಂಬುವುದಿಲ್ಲ ಎಂದು ನನಗೆ ಗೊತ್ತು. ನಾನೂ ತೆಗೆದು ಹಾಕಬೇಕೆಂದಿದ್ದೆ. ಆದರೆ ಆ ಬೂಟು ಈಗಲೂ ಮೇಜಿನ ಕೆಳಗೇ ಇದೆ, ಏನು ಮಾಡಲಿ.)

ತಕರಾರು ಮೊದಲ ಮೂರು ಅಧ್ಯಾಯ ಹೇಳಿದಳು. ಹಲಗೆಯ ಮೇಲೆ ಶೃಂಗಗಳು ಹಾರಿ ಹಾರಿ ಬಂದು ಕೂತವು. ಕೊನೆಯ ಸಾಲಿನಲ್ಲಿ ಅಕ್ಕನ ಪಕ್ಕ ಕುಳಿತ ನನಗೆ ಒಂದಕ್ಷರ ಅರ್ಥವಾಗದಿದ್ದರೂ ಎದೆ ಉಬ್ಬಿತು. ಪರೀಕ್ಷಕರೂ ಎರಡು ಸಲ ತಲೆದೂಗಿದರು. ಮೂರನೇ ಅಧ್ಯಾಯದ ಪ್ರಮೇಯ ಮುಗಿದಾಗ “ಭೇಷ್, ಇದು ಚೆನ್ನಾಗಿದೆ” ಎಂದೇ ಬಿಟ್ಟರು.

ನಾಲ್ಕನೆಯದಕ್ಕೆ ಬಂದಾಗ ಕೈಯೆತ್ತಿದರು. “ನಿಮ್ಮ ಪ್ರಕಾರ ಇಪ್ಪತ್ಮೂರನೆಯ ಶೃಂಗದಲ್ಲಿ ಇಳಿದು ಬಸ್ಸು ಬದಲಿಸಬಹುದು ಅಲ್ವೇನಮ್ಮ?”

“ಹೌದು ಅಂತ ಬರೆದಿದ್ದೀನಿ ಸರ್.”

“ನಾನು ಇಳಿದೆ.”

ಗೈಡು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು.

“ನಕ್ಷೇಲಿ ಅರವತ್ತು ಚುಕ್ಕಿಗೆ ಹೆಸರಿದೆ, ಈ ಒಂದಕ್ಕೆ ಇಲ್ಲ,” ಎಂದು ಪರೀಕ್ಷಕರು ಮುಂದುವರಿಸಿದರು. “ಇದೂ ನಿಲ್ದಾಣ ಅಂತ ನಿಮಗೆ ಯಾರು ಹೇಳಿದ್ದು?”

ಅವಳು ಒಂದೇ ಒಂದು ಸಲ ನನ್ನ ಕಡೆ ನೋಡಿದಳು.

“ಯಾರೂ ಹೇಳಲಿಲ್ಲ ಸರ್. ನಾನೇ ಅಂದುಕೊಂಡೆ.”

“ಯೋಚನೆ ಮಾಡಿ ಹೇಳಿ. ತಿಳಿದವರನ್ನು ಕೇಳಿ, ಅವರು ಹೇಳಿದ್ದು ತಪ್ಪಾಗಿದ್ದರೆ ಅದು ದಾಖಲೆಯ ತಪ್ಪು. ಆ ಅಧ್ಯಾಯ ತಿದ್ದಿ ಕೊಟ್ಟರೆ ಸಾಕು. ನೀವೇ ಊಹಿಸಿ ಬರೆದದ್ದಾದರೆ ಅದು ಕಟ್ಟಿದ ಮಾಹಿತಿ. ಇಡೀ ಥೀಸಿಸ್ಸೇ ವಾಪಸ್ಸು.”

“ನಾನೇ ಅಂದುಕೊಂಡೆ,” ಎಂದಳು ಮತ್ತೆ.

ಆಗಲೇ ನಮ್ಮನ್ನೆಲ್ಲ ಹೊರಗೆ ಕಳಿಸಿದ್ದು. ಎದ್ದು ನಿಂತು ನಾನು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಎಲ್ಲರ ಜೊತೆ ಕುರ್ಚಿ ಸರಿಸಿ, ಬಾಲ ಮುದುರಿಕೊಂಡು ಹೊರಗೆ ಬಂದೆ. ಬಂದವನು ಅವಳ ಚೀಲದಿಂದ ಹಾಳೆ ತೆಗೆದುಕೊಂಡು ಕಥೆ ಬರೆಯಲು ಕೂತೆ. ನಾಚಿಕೆಗೆಟ್ಟವನು ಎಂದರೆ ನಾನು.

೮

“ಯಾಕೆ ಹಾಗೆ ಹೇಳಿದೆ?” ಎಂದು ಈಗ ಕೇಳಿದೆ, ಅಕ್ಕನಿಗೆ ಕೇಳದಂತೆ.

“ಮತ್ತಿನ್ನೇನು ಹೇಳ್ಲಿ? ಪ್ರತಿ ಬಸ್ ಸ್ಟಾಪಲ್ಲೂ ನಿಮ್ಮ ಹೆಸರಿದೆ. ಊರೆಲ್ಲ ಫ್ಲೈಓವರ್ ಮೇಲೆ ನಿಂತು ಬೈತಿದೆ. ನಾಳೆ ಪೇಪರಲ್ಲಿ ಬಂದರೆ?”

“ನನ್ನ ಹೆಸರು ಹೋದರೆ ಹೋಗಲಿ. ನಿನ್ನ ಐದು ವರ್ಷ?”

“ನಾನು ಹೋಗಿ ನೋಡಬೇಕಿತ್ತು ಮಾಮ. ಹೂಂ ಅನ್ನೋದು ಪ್ರೂಫ್ ಅಲ್ಲ.” ಆಮೇಲೆ, “ಮತ್ತೆ ಐದು ವರ್ಷ ಮಾಡೋಕೆ ನನ್ನ ಕೈಲಿ ಆಗಲ್ಲ, ಅದು ಬೇರೆ ವಿಷಯ. ಬಿಟ್ಟುಬಿಡ್ತೀನಿ,” ಎಂದಳು. ಹುಟ್ಟಿದಾಗಿನಿಂದ ನೋಡಿದ್ದೇನೆ, ಇವಳು ಏನನ್ನೂ ಬಿಟ್ಟವಳಲ್ಲ. ನನಗೆ ಅಳು ಬಂತು. ಬರೆಯುವವನು ಅಳಬಾರದು, ಅಕ್ಷರ ಕದಡುತ್ತದೆ ಎಂದು ತಡೆದುಕೊಂಡೆ.

ಆದರೂ ನನ್ನ ಹಳೇ ಚಟ ನೋಡಿ, ಈ ಮಾತಿನ ನಡುವೆಯೇ ಹಾಳೆಯ ಮೂಲೆಯಲ್ಲಿ ಈ ಕಥೆಯದೇ ಒಂದು ಗ್ರಾಫು ಬರೆದೆ. ನಾನು, ತಕರಾರು, ಅಕ್ಕ, ಗೈಡು, ಪರೀಕ್ಷಕರು. ಐದು ಶೃಂಗ. ಯಾರಿಗೆ ಯಾರ ಜೊತೆ ಮಾತಿದೆಯೋ ಅಲ್ಲಿಗೆ ಅಂಚು. ಬಹಳ ದೊಡ್ಡದೇನೋ ಹೇಳುವವನಂತೆ, “ನನ್ನನ್ನ ತೆಗೆದರೆ ಕಥೆ ಎರಡು ತುಂಡಾಗುತ್ತೇನೇ?” ಎಂದು ಕೇಳಿದೆ.

ಕಣ್ಣೊರೆಸಿಕೊಂಡು ಬೆರಳಿನಿಂದ ಅಂಚುಗಳನ್ನು ಸವರಿ ನೋಡಿದಳು. “ಏನೂ ಆಗಲ್ಲ. ನಾವೆಲ್ಲ ಆರಾಮಾಗಿ ಇರ್ತೀವಿ. ನಿಮ್ಮಿಂದ ಹೊರಗೆ ಹೋಗೋ ಅಂಚು ಎರಡೇ. ಒಂದು ಅಮ್ಮ, ಒಂದು ನಾನು.” ಆಮೇಲೆ, “ಪರೀಕ್ಷಕರಿಗೆ ನಿಮ್ಮಿಂದ ಅಂಚೇ ಇಲ್ಲ ನೋಡಿ,” ಎಂದಳು. ಚುಚ್ಚಲೆಂದು ಹೇಳಿದಳೋ ಲೆಕ್ಕಕ್ಕೆಂದು ಹೇಳಿದಳೋ ತಿಳಿಯಲಿಲ್ಲ.

೯

ಹೊತ್ತು ಮೀರುತ್ತಿದೆ. ಅರ್ಧ ಗಂಟೆಗೆ ಏಳು ನಿಮಿಷ ಉಳಿದಿದೆ. ನಿಮಗೆ ಕೆಲವು ಮುಕ್ತಾಯಗಳನ್ನು ತೋರಿಸುತ್ತೇನೆ, ಬೇಕಾದದ್ದು ಆರಿಸಿಕೊಳ್ಳಿ.

ಮುಕ್ತಾಯ ಅ: ಪರೀಕ್ಷಕರಿಗೆ ಬೂಟು ಬಿಚ್ಚಿದ ಮೇಲೆ ಹಿತವಾಗಿ, ಮನಸ್ಸು ಕರಗಿ, ಪಾಸು ಮಾಡುತ್ತಾರೆ. ಎಲ್ಲರೂ ನಗುತ್ತಾರೆ. ನಾನು ಎಲ್ಲರಿಗಿಂತ ಜೋರಾಗಿ ನಗುತ್ತೇನೆ.

ಮುಕ್ತಾಯ ಆ: ಇದೇ ಹೊತ್ತಿಗೆ ಕಚೇರಿಯವರು ಫ್ಲೈಓವರಿಗೆ ಮೆಟ್ಟಿಲು ಕಟ್ಟಿಬಿಡುತ್ತಾರೆ. ಶೃಂಗ ಇಲ್ಲದಲ್ಲಿ ಶೃಂಗ ಹುಟ್ಟುತ್ತದೆ, ಅಧ್ಯಾಯ ನಿಜವಾಗುತ್ತದೆ. (ಬೋರ್ಡು ಕೀಳಲು ಆರು ದಿನದಿಂದ ಒದ್ದಾಡುತ್ತಿರುವ ಕಚೇರಿ ಏಳು ನಿಮಿಷದಲ್ಲಿ ಮೆಟ್ಟಿಲು ಕಟ್ಟುವುದು. ಸರಿ, ಮುಂದೆ.)

ಮುಕ್ತಾಯ ಇ: ಥೀಸಿಸ್ಸು ವಾಪಸ್ಸು ಬರುತ್ತದೆ. ತಕರಾರು ಯಾವುದೋ ಶಾಲೆಯಲ್ಲಿ ಗುಣಾಕಾರ ಹೇಳಿಕೊಡುತ್ತಾಳೆ. ನಾನು ಭಾನುವಾರ ಅಕ್ಕನ ಮನೆಗೆ ಹೋಗುತ್ತೇನೆ, ಉಣ್ಣುತ್ತೇನೆ, ಟಿವಿ ನೋಡುತ್ತೇನೆ. ಅವಳು ನನಗೆ ನೀರು ತಂದುಕೊಡುತ್ತಾಳೆ. ಅದರ ವಿಷಯ ಯಾರೂ ಎತ್ತುವುದಿಲ್ಲ.

ಇ ಬರೆದ ಮೇಲೆ ಕೈ ಮುಂದೆ ಹೋಗುತ್ತಿಲ್ಲ. ಯಾಕೆಂದರೆ ಅ ಮತ್ತು ಆ ನಾನು ಕಟ್ಟಿದವು. ಇ ಒಂದೇ ಸುಮ್ಮನೆ ಕೂತರೆ ತಾನಾಗಿ ಬರುವಂಥದ್ದು.

೧೦

“ಓದು,” ಎಂದಳು ಅಕ್ಕ.

“ಏನನ್ನ?”

“ಅದೇ, ಬರೀತಿದ್ದೀಯಲ್ಲ. ಜೋರಾಗಿ ಓದು.”

“ಅಕ್ಕಾ, ಅದು ಏನೋ ಕಥೆ...”

“ಆ ನಕ್ಷೆ ಬರೆದವನು ಯಾರು ಅಂತ ಬರೆದಿದ್ದೀಯಾ ಅದರಲ್ಲಿ?”

ತಕರಾರು ತಲೆ ತಗ್ಗಿಸಿದಳು.

“ಮೂವತ್ತು ವರ್ಷ ನಮ್ಮ ಸ್ಟಾಪಲ್ಲಿ ಬಸ್ಸಿಗೆ ಕಾಯ್ತಾ ಆ ನಕ್ಷೆ ಮೂಲೇಲಿ ನಿನ್ನ ಹೆಸರು ಓದಿದ್ದೀನಿ. ಪಕ್ಕದವರಿಗೆಲ್ಲ ನನ್ನ ತಮ್ಮ ಅಂತ ತೋರಿಸಿದ್ದೀನಿ. ಆರು ದಿನದಿಂದ ಫೋನಲ್ಲಿ ಯಾರಿಗೆ ಬೈತಿದ್ದೆ ಅಂದುಕೊಂಡೆ? ಇವತ್ತು ಹೇಳ್ತಾನೆ, ನಾಳೆ ಹೇಳ್ತಾನೆ ಅಂತ ಕಾಯ್ತಿದ್ದೆ. ನೀನು ನೋಡಿದರೆ ನನಗಿಂತ ಜೋರಾಗಿ ಬೈತೀಯ!” ನಗು ಬರಬೇಕಾದ ಮಾತು, ಆದರೆ ಅವಳು ನಗಲಿಲ್ಲ. “ಬಸ್ಸಿಂದು ಬಿಡು, ನಡೆದರೆ ಕಾಲು ನೋಯುತ್ತೆ, ಎಣ್ಣೆ ಹಚ್ಚಿದರೆ ಹೋಗುತ್ತೆ. ನನ್ನ ಮಗಳು ಒಳಗೆ ಸುಳ್ಳು ಹೇಳಿ ಬಂದಿದ್ದಾಳೆ. ಹುಟ್ಟಿದಾಗಿಂದ ಒಂದು ಸುಳ್ಳೂ ಹೇಳದವಳು. ಆ ಭಾನುವಾರ ನೀನು ಹೂಂ ಅಂದದ್ದು ನನ್ನ ಕಿವಿಗೂ ಬಿದ್ದಿತ್ತು ಕಣೋ. ಯಾರಿಗೋಸ್ಕರ ಹೇಳಿದಳೋ?”

ಹೊಸ ಹಾಳೆ ತೆಗೆದೆ.

೧೧

ಒಳಗೆ ಹೋಗಿ ತೊದಲಬಾರದೆಂದು ಹೇಳಬೇಕಾದ ಮಾತನ್ನು ಇಲ್ಲೇ ಬರೆದುಕೊಳ್ಳುತ್ತಿದ್ದೇನೆ.

‘ಸದರಿ ನಕ್ಷೆಯಲ್ಲಿ ಸಣ್ಣ ಲೋಪ ಉಂಟಾಗಿರುವುದು ಕಂಡುಬಂದಿರುತ್ತದೆ.’

ಓದಿದೆ. “ಕಂಡುಬಂದಿರುತ್ತದಂತೆ!” ಎಂದಳು ಅಕ್ಕ. “ಕಚೇರಿ ಬಿಟ್ಟು ಎಷ್ಟು ವರ್ಷ ಆಯ್ತೋ ನಿನಗೆ?”

‘ಸರ್, ಆ ಕಾಲದಲ್ಲಿ ಮಸಿ ಹರಡುತ್ತಿತ್ತು. ನಮ್ಮ ವಿಭಾಗದಲ್ಲಿ ಒಂದು ಪದ್ಧತಿಯಿತ್ತು...’

“ಅವರು ಒಂದು ಕಾಲಿಗೆ ಬೂಟಿಲ್ಲದೆ ಕೂತಿದ್ದಾರೆ ಮಾಮ,” ಎಂದಳು ತಕರಾರು. ಹೇಳಿದ ಮೇಲೆ ತಾನು ಸಹಾಯ ಮಾಡಬಾರದಿತ್ತೆಂದು ನೆನಪಾಗಿ, “ನೀವು ಒಳಗೆ ಹೋಗ್ತಿಲ್ಲ. ನಾನು ಬಿಡಲ್ಲ,” ಎಂದು ನನ್ನ ಅಂಗಿಯ ತುದಿ ಹಿಡಿದುಕೊಂಡಳು.

‘ಸರ್, ಬೆಳಿಗ್ಗೆ ನೀವು ಇಳಿದ ನಿಲ್ದಾಣ ನಾನು ಮಾಡಿದ್ದು. ಈ ಹುಡುಗಿ ನನ್ನನ್ನು ಕೇಳಿದಳು. ನಾನು ಆ ಜಾಗ ನೋಡಿರಲಿಲ್ಲ. ನೋಡದೆ ಹೂಂ ಅಂದೆ.’

ಇದನ್ನು ಓದಿದಾಗ ಅಕ್ಕ ತಲೆದೂಗಿದಳು. ಇದೇ ಇರಲಿ.

೧೨

ಆಮೇಲೆ ಏನಾಯಿತು ಎಂದು ತಾನೆ ನಿಮ್ಮ ಪ್ರಶ್ನೆ? ಪಾಸಾದಳೇ, ಬೋರ್ಡು ಕಿತ್ತರೇ, ನನ್ನ ಹೆಸರು ಪೇಪರಿನಲ್ಲಿ ಬಂತೇ, ಭಾವ ನನ್ನ ಜೊತೆ ಮಾತಾಡಿದನೇ. ಒಂದನ್ನೂ ಹೇಳುವುದಿಲ್ಲ. ಜಪ್ಪಯ್ಯ ಎಂದರೂ ಹೇಳುವುದಿಲ್ಲ. ಆ ಬಾಗಿಲಿನ ಆಚೆ ಏನಾಗುತ್ತದೆ ಎಂದು ನಾನಿನ್ನೂ ನೋಡಿಲ್ಲ. ನೋಡದ್ದನ್ನು ನಕ್ಷೆಯಲ್ಲಿ ಬರೆದು ಊರನ್ನೇ ಫ್ಲೈಓವರಿನ ಮೇಲೆ ಇಳಿಸಿದ್ದು ಸಾಕು, ನಿಮ್ಮನ್ನೂ ಇಳಿಸಲಾರೆ.

ಈಗ ನನ್ನ ಕಣ್ಣಿಗೆ ಕಾಣುವುದಿಷ್ಟು. ಎದ್ದು ನಿಂತಿದ್ದೇನೆ, ಹಾಳೆಯನ್ನು ಬಾಗಿಲ ಪಕ್ಕದ ಗೋಡೆಗೆ ಒತ್ತಿ ಬರೆಯುತ್ತಿದ್ದೇನೆ. ಒಳಗೆ ಕುರ್ಚಿ ಸರಿದ ಸದ್ದಾಯಿತು, ಅವರೂ ಏಳುತ್ತಿರಬೇಕು. ಅಕ್ಕ ಮಗಳ ಕೈಯನ್ನು ನನ್ನ ಅಂಗಿಯಿಂದ ಬಿಡಿಸುತ್ತಿದ್ದಾಳೆ. “ಬೇಡ ಮಾಮ, ಬೇಡ” ಎಂದು ತಕರಾರು ಮಾಡುತ್ತಲೇ ಇದ್ದಾಳೆ ನಮ್ಮ ತಕರಾರು. ಇಪ್ಪತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಇವಳ ಮಾತಿಗೆ ನಾನು ಸೊಪ್ಪು ಹಾಕುತ್ತಿಲ್ಲ.

ಬಾಗಿಲು ತಟ್ಟಲು ಕೈ ಬೇಕು. ಪೆನ್ನು ಕೆಳಗಿಡುತ್ತಿದ್ದೇನೆ.